ಗೆಂಡೆಯ ಸೋಮಾರಿ ಮಗ

ಬಯಲುಸೀಮೆಯಿಂದ ತಂದು ಹಿಮಾಲಯದ ಸರೋವರಕ್ಕೆ ಬಿಟ್ಟ ಗೆಂಡೆ ಮೀನುಗಳಲ್ಲಿ ಒಂದು ಆ ಬೇಸಿಗೆಯಲ್ಲಿ ಮರಿ ಮಾಡಿತು. ನೀರಿನ ಮೇಲೆ ಮಂಜುಗಡ್ಡೆ ಕಟ್ಟತೊಡಗಿದಾಗ ಹೆದರಿ, ಅಲ್ಲೇ ಹುಟ್ಟಿ ಬೆಳೆದ ಮುದಿ ಮೀನಿನ ಬಳಿ ಹೋಯಿತು.

"ಅಜ್ಜಿ, ಚಳಿ ತಡೆಯುವ ವಿದ್ಯೆ ಕಲಿಸಿ. ನನ್ನ ಮಕ್ಕಳು ಉಳಿಯಬೇಕು."

"ವಿದ್ಯೆಯೇನಿಲ್ಲ ಕಣಮ್ಮ. ಚಳಿ ತಡೆದವರು ಮಕ್ಕಳನ್ನು ಹೆತ್ತರು, ಆ ಮಕ್ಕಳಿಗೆ ಅದು ರಕ್ತದಲ್ಲೇ ಬಂತು. ಹೀಗೆ ಹತ್ತು ಸಾವಿರ ತಲೆಮಾರು."

"ಅಷ್ಟು ಪುರುಸೊತ್ತು ನನಗಿಲ್ಲ."

"ನಮಗೂ ಇರಲಿಲ್ಲ. ನಿನ್ನ ಮರಿಗಳಲ್ಲಿ ಮಿಕ್ಕವರ ಹಾಗಿಲ್ಲದ್ದು ಯಾವುದಾದರೂ ಇದೆಯೇ?"

"ಒಬ್ಬ ಸೋಮಾರಿ ಇದ್ದಾನೆ. ಅರ್ಧ ಹೊಟ್ಟೆ ತಿಂದು ಬಂಡೆಯ ಪಕ್ಕ ಬಿದ್ದಿರುತ್ತಾನೆ. ನೆಂಟರು ಬಂದರೆ ಪಾಚಿಯಲ್ಲಿ ಮುಚ್ಚಿಡುತ್ತೇನೆ."

"ಇನ್ನು ಮುಚ್ಚಿಡಬೇಡ," ಎಂದಿತು ಅಜ್ಜಿ.

ಚಳಿಗಾಲದಲ್ಲಿ ಮೇವು ಮುಗಿಯಿತು. ಚುರುಕಾಗಿ ಓಡಾಡುತ್ತಿದ್ದ ಮರಿಗಳಲ್ಲಿ ಹಲವು ದಣಿದು ಸತ್ತವು. ಮಂಜುಗಡ್ಡೆ ಕರಗಿದ ದಿನ ಸೋಮಾರಿ ಬಂಡೆಯ ಪಕ್ಕದಿಂದ ಎದ್ದು ಬಂದು, "ಅಮ್ಮಾ, ಯಾಕೋ ಸೆಕೆ," ಎಂದ.

ಗೆಂಡೆ ಅಂದೇ ಅವನಿಗೆ ಹೆಣ್ಣು ನೋಡಲು ಹೊರಟಿತು. ಜಾತಕ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಹುಡುಗಿಗೂ ಸೆಕೆಯಾಗುತ್ತದೆಯೇ ಎಂದಷ್ಟೇ ಕೇಳಿತು.