ಹೋಳಿಗೆ ತಿಂದು ಹಾಗಲಕಾಯಿ ಬಿಟ್ಟವರು

"ಬೇಲಿ ಸರಿಸೋಕೆ ಹೋದ್ರೆ ಸಾಕು, ಧಣಿ ಮತ್ತೆ ಕರೀತಾರೆ!" ಫಾರಂನಲ್ಲಿ ದನವನ್ನೂ ಅಡುಗೆಯನ್ನೂ ನೋಡಿಕೊಳ್ಳುವ ಚಿಕ್ಕತಾಯಿ ಗೊಣಗುತ್ತಾ ಬಂದಳು.

ಧಣಿ ಗುಡುಗಿದರು. "ಇಪ್ಪತ್ತು ಎಕರೆ ಹುಲ್ಲಿದೆ. ನೀನು ದಿನಕ್ಕೊಂದು ತುಂಡಿಗೆ ಬೇಲಿ ಕಟ್ಟಿ ಹಸು ಕೂಡಿಹಾಕ್ತೀಯಲ್ಲ! ನಾಡಿದ್ದು ಬಯಲಿಗೆಲ್ಲಾ ಬಿಡು. ಇಲ್ಲ, ಕೆಲಸ ಬಿಡು."

"ಆಗಲಿ ಧಣಿ. ಊಟಕ್ಕೆ ಏಳಿ."

ಎಲೆ ತುಂಬ ಬಡಿಸಿದಳು. ಧಣಿ ಹೋಳಿಗೆ ಮುಗಿಸಿ ಮತ್ತೆ ಹೋಳಿಗೆಯನ್ನೇ ಕೇಳಿದರು. ಹಾಗಲಕಾಯಿ ಪಲ್ಯ ಮುಟ್ಟಲಿಲ್ಲ. ಮರುದಿನ ಬರೀ ಅನ್ನ, ಪಲ್ಯ ಬಡಿಸಿದಳು. ಹಸಿದ ಧಣಿ ಎಲೆ ಬಳಿದು ಉಂಡರು.

"ಹಸುವೂ ಹೀಗೇ ಧಣಿ. ಬಯಲೆಲ್ಲಾ ಸಿಕ್ಕರೆ ಎಳೆಹುಲ್ಲನ್ನೇ ಬೋಳಿಸಿ ಮಿಕ್ಕಿದ್ದನ್ನು ತುಳಿಯುತ್ತೆ. ತುಂಡಲ್ಲಿದ್ದರೆ ಎಲ್ಲಾ ಮೇಯುತ್ತೆ. ಅಷ್ಟರಲ್ಲಿ ಹಿಂದಿನ ತುಂಡು ಚಿಗುರುತ್ತೆ."

ಧಣಿ ಕೆಮ್ಮಿದರು, ಆಮೇಲೆ ನಕ್ಕರು. "ಬೇಲಿ ಇರಲಿ, ನೀನೂ ಇರು."

ಗೆದ್ದೆನೆಂದು ಚಿಕ್ಕತಾಯಿ ಸೆರಗು ಕೊಡವಿ ಹೊರಟಳು. ಬಾಗಿಲಲ್ಲಿ ನಿನ್ನೆಯ ಹೋಳಿಗೆ ಮೆಲ್ಲುತ್ತಿದ್ದ ಅವಳ ಮಗಳನ್ನು ಕಂಡು ಧಣಿ ಕೇಳಿದರು:

"ಅದು ಸರಿ, ನಿನ್ನ ಮಗಳು ಹಾಗಲಕಾಯಿ ತಿಂತಾಳಾ?"