ತುಂಬಿದಂತಿದ್ದ ಬಟ್ಟಲು

ಪಂಜರದ ಕ್ಯಾನರಿ ನವಣೆಯ ಕೊನೆಯ ಕಾಳನ್ನು ಸುಲಿದು ತಿಂದದ್ದು ನಿನ್ನೆ ಬೆಳಿಗ್ಗೆ. ಆದರೆ ಸುಲಿದ ಹೊಟ್ಟೆಲ್ಲ ಬಟ್ಟಲಿನಲ್ಲೇ ಉಳಿದಿದ್ದರಿಂದ ಅದು ತುಂಬಿದಂತೆಯೇ ಕಾಣುತ್ತಿತ್ತು.

ಮನೆಯೊಡತಿ ಅಂಬುಜಾಕ್ಷಿ ದೂರದಿಂದಲೇ ನೋಡಿ ಗಂಡನಿಗೆ ಹೇಳಿದಳು: "ನೋಡಿದಿರಾ, ಒಂದು ಕಾಳೂ ಮುಟ್ಟಿಲ್ಲ. ಇಂದು ಏಕಾದಶಿಯೆಂದು ಹಕ್ಕಿಗೂ ಗೊತ್ತು!"

ಆಗಲೇ ಗೋಡೆಯ ಹಲ್ಲಿ ಲೊಚಗುಟ್ಟಿತು. "ಸತ್ಯ, ಸತ್ಯ" ಎಂದು ಇಬ್ಬರೂ ಕೈಮುಗಿದು ಒಳಗೆ ಹೋದರು.

ಕ್ಯಾನರಿ ಕೆರಳಿತು. "ಹಲ್ಲಿರಾಯ, ನಾನು ಹಸಿವಿನಿಂದ ಸಾಯುತ್ತಿದ್ದೇನೆ. ಈ ಸುಳ್ಳಿಗೆ ನೀನೇಕೆ ಸಾಕ್ಷಿ ನುಡಿದೆ?"

"ಸಾಕ್ಷಿಯೇ? ಮೂಲೆಯ ಇನ್ನೊಂದು ಹಲ್ಲಿ ನನ್ನ ಸೊಳ್ಳೆಗೆ ಹೊಂಚು ಹಾಕಿತ್ತು, ಗದರಿಸಿದೆ."

"ಹಾಗೆಂದು ಅವರಿಗೆ ತಿಳಿಸು!"

"ಏಕೆ ತಿಳಿಸಲಿ? ಆ ನಂಬಿಕೆ ಇರುವುದರಿಂದಲೇ ಪೊರಕೆ ನನ್ನ ತಂಟೆಗೆ ಬಂದಿಲ್ಲ. ನಿನ್ನ ಉಪವಾಸದಿಂದ ನನಗೇನು ನಷ್ಟ?"

ಕ್ಯಾನರಿ ಉಳಿದ ಬಲವನ್ನೆಲ್ಲ ಕೂಡಿಸಿ ಬಟ್ಟಲಿನ ಮೇಲೆ ರೆಕ್ಕೆ ಬಡಿಯಿತು. ಹೊಟ್ಟು ಹಾರಿ, ಅಂಬುಜಾಕ್ಷಿ ಹಿಡಿದು ಬರುತ್ತಿದ್ದ ಹಾಲಿನ ಲೋಟಕ್ಕೆ ಬಿತ್ತು. ಗದರಲು ಬಂದವಳಿಗೆ ಬಟ್ಟಲಿನ ಬರಿದಾದ ತಳ ಕಂಡಿತು.

"ಅಯ್ಯೋ, ಬರೀ ಹೊಟ್ಟು!" ಎಂದು ಓಡಿಹೋಗಿ ನವಣೆ ತಂದು ಸುರಿದಳು.

ಅಷ್ಟರಲ್ಲಿ ಸೊಳ್ಳೆ ತಪ್ಪಿಸಿಕೊಂಡಿತು. ಹಲ್ಲಿ ಮತ್ತೆ ಲೊಚಗುಟ್ಟಿತು.

"ಕೇಳಿದಿರಾ?" ಅಂಬುಜಾಕ್ಷಿ ಗಂಡನನ್ನು ಕೂಗಿದಳು. "ಹಲ್ಲಿ ಎಚ್ಚರಿಸದಿದ್ದರೆ ಪಾಪ, ಹಕ್ಕಿ ಸತ್ತೇ ಹೋಗುತ್ತಿತ್ತು!"

ಕ್ಯಾನರಿ ಮೊದಲ ಕಾಳನ್ನು ಸುಲಿಯಿತು. ಈ ಸಲ ಹೊಟ್ಟನ್ನು ಬಟ್ಟಲಿಗೆ ಹಾಕಲಿಲ್ಲ. ಕಂಬಿಗಳ ಸಂದಿಯಿಂದ ಅವಳ ಕಾಲಬುಡಕ್ಕೇ ಉಗಿಯಿತು.