ಕಾಲುವೆಯ ಜಾಡಿಗೆ ನೆಟ್ಟ ಮುಳ್ಳು

ಗುಡ್ಡದ ಆಚೆ ಹೊಳೆ, ಈಚೆ ಕೆರೆ. ಹಾಗಿದ್ದ ಒಂದು ಕಾಡಿನಲ್ಲಿ ಒಂದು ವರ್ಷ ಕೆರೆ ಬತ್ತಿ ಬರೀ ಕೆಸರು ಉಳಿಯಿತು. ಕಾಡಿಗೆಲ್ಲ ಹಿರಿಯಳಾದ ಆನೆಜ್ಜಿ ಹೇಳಿದಳು: "ಹೊಳೆಯಿಂದ ಕಾಲುವೆ ತೋಡೋಣ. ಜಾಡು ಯಾರು ಹುಡುಕ್ತೀರಿ?"

ನರಿ ಮುಂದೆ ಬಂತು. "ನಾನು ತಿರುಗದ ನೆಲ ಇಲ್ಲ, ಅಜ್ಜಿ. ನೆಟ್ಟಗೆ ಗುಡ್ಡ ಹತ್ತಿಸಿ ಇಳಿಸಿದರಾಯ್ತು."

"ನೀನು ಹತ್ತುತ್ತೀಯ ನರಿಯಪ್ಪ. ನೀರು ಹತ್ತುತ್ತಾ?" ಎಂದಿತು ಮುಳ್ಳುಹಂದಿ. ಎಲ್ಲರೂ ನಕ್ಕರು.

ಮುಳ್ಳುಹಂದಿ ಒಂದು ನೆಲ್ಲಿಕಾಯಿ ಹಿಡಿದು ಹೊಳೆಯ ದಂಡೆಯಿಂದ ಹೊರಟಿತು. ಕಾಯಿ ಮೆಲ್ಲಗೆ ಉರುಳಿದ ಕಡೆಗೆ ತಾನೂ ಹೋಯಿತು. ಹೋದಲ್ಲೆಲ್ಲ ಮೈಯಿಂದ ಒಂದೊಂದು ಮುಳ್ಳು ಕಿತ್ತು ಗುರುತಿಗೆ ನೆಟ್ಟಿತು. ಜಾಡು ಗುಡ್ಡವನ್ನು ಬಳಸಿ, ಹೊನ್ನೆ ಮರದ ಮೇಲ್ಬದಿಯಲ್ಲಿ ಹಾದು, ಕೆರೆಗೆ ಇಳಿಯಿತು.

ಆನೆಜ್ಜಿ ಅದರ ಬೆನ್ನು ಸವರಲು ಸೊಂಡಿಲು ಚಾಚಿ, ಮುಳ್ಳು ಕಂಡು ಹಿಂದಕ್ಕೆಳೆದಳು. "ಭೇಷ್! ಇದಕ್ಕೆ ಮುಳ್ಳಣ್ಣನ ಕಾಲುವೆ ಅಂತಲೇ ಹೆಸರು."

ನರಿಯ ಹೊಟ್ಟೆಗೆ ಬೆಂಕಿ ಬಿತ್ತು. ಮೊಲ ಆ ಹೆಸರು ಹೇಳಿದರೂ ಉರಿ, ಕಾಗೆ ಹೇಳಿದರೂ ಉರಿ. 'ಕಾಡೆಲ್ಲ ಸುತ್ತಿದವನು ನಾನು. ಹೆಸರು ಆ ಮೋಟುಗಾಲಿನದಕ್ಕಾ? ಕೆರೆ ಒಣಗಿದರೂ ಸರಿ, ಅದರ ಹೆಸರು ಉಳಿಯಬಾರದು!'

ಮುಳ್ಳು ಕಿತ್ತ ಬೆನ್ನು ನೋಯುತ್ತಿದ್ದರಿಂದ ಮುಳ್ಳುಹಂದಿ ಬಿಲದಲ್ಲಿ ಮಲಗಿತ್ತು. ಅದೇ ಹೊತ್ತಿಗೆ ನರಿ ಹೊನ್ನೆ ಮರದ ಬಳಿಯ ಮುಳ್ಳುಗಳನ್ನು ಹಲ್ಲಿನಿಂದ ಕಿತ್ತು, ಕೆಳಗಿನ ಇಳಿಜಾರಿಗೆ ನೆಟ್ಟಿತು. ಅಲ್ಲಿ ಬರೀ ಮರಳು. ನೀರೆಲ್ಲ ಇಂಗಿಹೋಗಲಿ ಅಂದುಕೊಂಡಿತು. ತನ್ನ ಬಿಲವೂ ಅದೇ ಮರಳಿನಲ್ಲಿದೆ ಅನ್ನುವುದು ಆ ಉರಿಯಲ್ಲಿ ನೆನಪಾಗಲಿಲ್ಲ. ಒಂದು ಮುಳ್ಳು ಮುರಿದು ಒಸಡಿಗೆ ಚುಚ್ಚಿಕೊಂಡಿತು. ಅಂದಿನಿಂದ ನರಿ ಬಾಯಿ ಬಿಡದೆ ಓಡಾಡಿತು.

ಪ್ರಾಣಿಗಳು ಮುಳ್ಳಿನ ಗುರುತು ನೋಡಿಕೊಂಡು ಕಾಲುವೆ ತೋಡಿದವು. ಮುಳ್ಳುಹಂದಿಯೂ ಎದ್ದು ಬಂದ ಮೇಲೆ ಹೊಳೆಯ ದಂಡೆ ಒಡೆದವು. ನೀರು ಭೋರ್ಗರೆಯುತ್ತ ಬಂದು, ಹೊನ್ನೆ ಮರದ ಹತ್ತಿರ ಸರಕ್ಕನೆ ಕೆಳಕ್ಕೆ ತಿರುಗಿತು. "ಏನು ಮುಳ್ಳಣ್ಣ, ಇದೇನಾ ನಿನ್ನ ಜಾಣತನ?" ಎಂದು ಕಾಡುಹಂದಿಗಳು ರೇಗಿದವು. ನರಿ ತುಟಿ ಬಿಗಿದು ನಕ್ಕಿತು.

ಅಷ್ಟರಲ್ಲಿ ಕೆಳಗಿನಿಂದ ನರಿಯ ಹೆಂಡತಿಯ ಕೂಗು: "ಅಯ್ಯೋ, ಬಿಲಕ್ಕೆ ನೀರು ನುಗ್ತಾ ಇದೆ! ಮಕ್ಕಳು ಒಳಗಿದ್ದಾವೆ!"

"ಅಜ್ಜೀ, ನೀರು ನಿಲ್ಲಿಸಿ! ನನ್ನ ಮಕ್ಕಳು!" ನರಿ ಬಾಯಿ ಅಗಲಿಸಿ ಊಳಿಟ್ಟಿತು.

ಆನೆಜ್ಜಿ ಕಾಲುವೆಗೆ ಅಡ್ಡ ಮಲಗಿದಳು. ನೀರು ನಿಂತಿತು. ಮರಿಗಳು ಕೆಮ್ಮುತ್ತ ಹೊರಬಂದವು. ಆಗ ಕಾಗೆ ಕೂಗಿತು: "ನರಿಯಪ್ಪನ ಬಾಯಲ್ಲಿ ಏನದು ನೋಡಿ!"

ಒಸಡಿನಲ್ಲಿ ಮುರಿದ ಮುಳ್ಳು ಕಂಡು, ಗುರುತು ಕಿತ್ತವರು ಯಾರೆಂದು ಎಲ್ಲರಿಗೂ ತಿಳಿಯಿತು. ಮುಳ್ಳುಹಂದಿ ಹತ್ತಿರ ಹೋಯಿತು. "ಬಾಯಿ ತೆಗಿ." ಒಸಡಿನ ಮುಳ್ಳನ್ನು ಎಳೆದು, ಹೊನ್ನೆ ಮರದ ಮೇಲ್ಬದಿಯಲ್ಲಿ ಮತ್ತೆ ನೆಟ್ಟಿತು. "ಇದರ ಜಾಗ ಇಲ್ಲಿ. ಇನ್ನು ತೋಡು."

ನರಿಯೊಂದೇ ತೋಡಿತು. ನೀರು ಕೆರೆ ಸೇರುವವರೆಗೂ ಮೊಲದ ಮರಿಗಳು ದಡದಲ್ಲಿ ಕುಣಿಯುತ್ತ, "ಮುಳ್ಳಣ್ಣನ ಕಾಲುವೆ! ಮುಳ್ಳಣ್ಣನ ಕಾಲುವೆ!" ಎಂದು ಕೂಗುತ್ತಲೇ ಇದ್ದವು.

ನೀತಿ: ಹೊಟ್ಟೆಕಿಚ್ಚಿನಿಂದ ಇನ್ನೊಬ್ಬರ ಕೆಲಸ ಕೆಡಿಸಲು ಹೋದವನು ಮೊದಲು ಮುಳುಗಿಸುವುದು ತನ್ನ ಮನೆಯನ್ನೇ.